ಎರ್ರೆಮ್ಮ ಹೇಳಿದ ಹೆಸರು

ಎರ್ರೆಮ್ಮನನ್ನು ನಾನು ಮೊದಲು ಕಂಡದ್ದು ಕಮಲಾಪುರದಲ್ಲಿ, ಬೇಸಗೆಯ ಒಂದು ಶನಿವಾರ ಮಧ್ಯಾಹ್ನ. ಜರ್ಮನಿಯ ಮೊದಲನೆಯ ಯುದ್ಧ ನಡೆಯುತ್ತಿದ್ದ ಕಾಲ ಅದು. ಅಲ್ಲಿಯ ಬೋರ್ಡ್ ಶಾಲೆಗೆ ನಾನು ಹೊಸ ಮಾಸ್ತರನಾಗಿ ಬಂದಿದ್ದೆ. ಬಾಳೆ ಬೆಳೆಯುತ್ತಿದ್ದ ಗುಡ್ಡಪ್ಪನೆಂಬವನ ಮನೆಯ ಎದುರುಸಾಲಿನಲ್ಲಿ ನನಗೊಂದು ಕೋಣೆ ಸಿಕ್ಕಿತ್ತು. ಶನಿವಾರ ಶಾಲೆ ಅರ್ಧ ದಿನ. ಹೊಸಪೇಟೆಯ ಕಡೆಗೆ ಹೋಗುವ ಗಾಡಿ ಯಾವುದಾದರೂ ಬಂದೀತೆಂದು ಬಾಗಿಲ ನೆರಳಿನಲ್ಲಿ ಕುಳಿತಿದ್ದೆ.

ಓಣಿಯ ತುದಿಯಿಂದ ಒಬ್ಬ ಹೆಂಗಸು ಬಂದಳು. ಮೂವತ್ತರ ಒಳಗಿನ ವಯಸ್ಸು. ಕಾಲಲ್ಲಿ ಕೆರವಿಲ್ಲ, ಮೊಣಕಾಲವರೆಗೆ ಧೂಳು. ತಲೆಯ ಮೇಲೆ ಸೆರಗು, ಎಡಗಂಕುಳಲ್ಲಿ ಒಂದು ಕೋಲು. ಊರಿಕೊಂಡು ನಡೆಯಬೇಕಾದ ಕೋಲನ್ನು ಹೀಗೇಕೆ ಕಂಕುಳಲ್ಲಿ ಇರುಕಿಕೊಂಡಿದ್ದಾಳೆಂದು ನನಗೆ ಆಶ್ಚರ್ಯವಾಯಿತು. ಆಕೆ ನೇರವಾಗಿ ಗುಡ್ಡಪ್ಪನ ಮನೆಯ ಮುಂದೆ ಬಂದು ನಿಂತಳು. ಕಟ್ಟೆ ಏರಲಿಲ್ಲ. ಯಾರನ್ನೂ ಕೂಗಲಿಲ್ಲ. ಬಿಸಿಲು ನೆತ್ತಿ ಸುಡುತ್ತಿದ್ದರೂ ನೆರಳಿಗೆ ಸರಿಯಲಿಲ್ಲ.

ಗುಡ್ಡಪ್ಪನ ಹೆಂಡತಿ ಗಾಳೆಮ್ಮ ಮೊರದಲ್ಲಿ ಜೋಳ ಹಿಡಿದುಕೊಂಡು ಹೊರಗೆ ಬಂದಳು. ಬಂದವಳ ಮುಖವನ್ನು ಆಕೆ ನೋಡಲಿಲ್ಲ, ಕೋಲನ್ನು ನೋಡಿದಳು. ಮೊರ ಕೈಜಾರಿತು. ಜೋಳವೆಲ್ಲ ಕಟ್ಟೆಯ ಮೇಲೆ ಚೆಲ್ಲಿತು.

"ಯವ್ವಾ... ಎರ್ರೆಮ್ಮಾ, ಯಾರು?"

ಬಂದವಳು ಬಾಯಿ ತೆರೆದಳು. ಮಾತು ಹೊರಡಲಿಲ್ಲ.

ಇಲ್ಲಿ ಆ ಕೋಲಿನ ವಿಷಯವನ್ನು ಹೇಳಬೇಕು. ನನಗೂ ಅದು ತಿಳಿದದ್ದು ಆಮೇಲೆ, ಎರ್ರೆಮ್ಮನ ಬಾಯಿಂದಲೇ. ಆ ಸೀಮೆಯ ಹಳ್ಳಿಗಳಲ್ಲಿ ಒಂದು ಮನೆಯಲ್ಲಿ ಸಾವಾದರೆ ಬೇರೆ ಊರುಗಳಲ್ಲಿರುವ ನೆಂಟರಿಗೆ ತಿಳಿಸಲು ಸುದ್ದಿಯವನೊಬ್ಬ ಇರುತ್ತಿದ್ದ. ಮಲಪನಗುಡಿಗೆ ಆ ಕೆಲಸದವನು ಪಕ್ಕೀರಪ್ಪ. ಅವನು ಎರ್ರೆಮ್ಮನ ಗಂಡ; ಈ ಗುಡ್ಡಪ್ಪನ ಒಡಹುಟ್ಟಿದ ತಮ್ಮ. ಸಂಡೂರಿನ ಗುಡ್ಡಗಳಿಂದ ಕಂಪ್ಲಿಯ ಹೊಳೆಯವರೆಗೆ ಅವನು ನಡೆಯದ ದಾರಿಯಿರಲಿಲ್ಲ. ಆ ಕೆಲಸಕ್ಕೆ ಕಟ್ಟುಪಾಡುಗಳಿದ್ದವು. ಕೋಲು ಎಡಗಂಕುಳಲ್ಲಿರಬೇಕು, ಅದನ್ನು ಕಂಡೊಡನೆ ಮನೆಯವರಿಗೆ ಅರ್ಥವಾಗುತ್ತಿತ್ತು. ಹೊಸಿಲು ತುಳಿಯಬಾರದು. ಆ ಮನೆಯ ನೀರು ಮುಟ್ಟಬಾರದು. "ಸತ್ತ" ಎಂಬ ಮಾತನ್ನು ಆಡಬಾರದು. ಮನೆಯವರು "ಯಾರು?" ಎಂದು ಕೇಳಿದಾಗ ಹೆಸರು ಹೇಳಬೇಕು, "ಹ್ವಾದ್ರು" ಎನ್ನಬೇಕು, ಮಣ್ಣು ಯಾವಾಗ ಎಂದು ತಿಳಿಸಬೇಕು, ಹಿಂತಿರುಗಿ ನೋಡದೆ ಹೊರಟುಬಿಡಬೇಕು.

ಇದೆಲ್ಲ ಮುಖ ನೋಡುವುದಕ್ಕಾಗಿ. ಮಣ್ಣು ಹಾಕುವುದಕ್ಕೆ ಮೊದಲು ಹೋದವರ ಮುಖ ನೋಡುವುದು ನಮ್ಮವರಲ್ಲಿ ಬಹು ದೊಡ್ಡ ಮಾತು. ವರ್ಷಗಟ್ಟಲೆ ಮಾತು ಬಿಟ್ಟವರು ಕೂಡ ಅದಕ್ಕೆ ಓಡಿ ಬರುತ್ತಾರೆ. ಅದು ತಪ್ಪಿದರೆ ಆ ಕೊರಗು ಸಾಯುವತನಕ ಹೋಗುವುದಿಲ್ಲ.

ಅಂದು ಬೆಳಗಿನ ಜಾವ ಆ ಪಕ್ಕೀರಪ್ಪನೇ ತೀರಿಕೊಂಡಿದ್ದ. ಹಿಂದಿನ ದಿನ ಯಾರದೋ ಸುದ್ದಿ ಹೊತ್ತು ಬಿಸಿಲಲ್ಲಿ ನಡೆದು ಬಂದವನು ಅಂಗಳದಲ್ಲಿ ಕುಸಿದು ಬಿದ್ದನಂತೆ. ಮೈ ಕೆಂಡದಂತೆ ಸುಡುತ್ತಿತ್ತಂತೆ. ಬೆಳಕು ಹರಿಯುವ ಹೊತ್ತಿಗೆ ಮುಗಿದುಹೋಗಿತ್ತು. ಅಂಥ ಬೇಸಗೆಯಲ್ಲಿ ಹೆಣವನ್ನು ಸಂಜೆಯ ಆಚೆಗೆ ಇಡುವಂತಿರಲಿಲ್ಲ.

"ಹೊತ್ತು ಮುಣುಗೂದ್ರಾಗ ಮಣ್ಣು ಮಾಡ್ಬೇಕು" ಎಂದ ಊರ ಹಿರಿಯ ಹಂಪಯ್ಯ. "ಕಮಲಾಪುರಕ್ಕ ಅವರಣ್ಣಗ ಹೇಳಾಕ ಯಾರು ಹೋಗ್ತೀರಿ?"

ಗೂಟಕ್ಕೆ ತೂಗುಹಾಕಿದ್ದ ಕೋಲನ್ನು ಎಲ್ಲರೂ ನೋಡಿದರು, ಯಾರೂ ಮುಟ್ಟಲಿಲ್ಲ. ಒಂದು ಸಲ ಆ ಕೋಲು ಹಿಡಿದವನಿಗೆ ಅದು ಕಾಯಂ ಅಂಟಿಕೊಳ್ಳುತ್ತದೆ ಎಂಬ ಭಯ. ಊರ ಸಾವುಗಳನ್ನೆಲ್ಲ ಕಂಕುಳಲ್ಲಿಟ್ಟುಕೊಂಡು ತಿರುಗಲು ಯಾರಿಗೆ ಇಷ್ಟ? ಅದೂ ಅಲ್ಲದೆ ಅಣ್ಣತಮ್ಮಂದಿರ ನಡುವೆ ಹಳೆಯ ಮುನಿಸಿತ್ತು. ತಂದೆ ತೀರಿಕೊಂಡಾಗ ಗುಡ್ಡಪ್ಪನಿಗೆ ಸುದ್ದಿ ಮುಟ್ಟಿದ್ದು ಮಣ್ಣಾದ ಮರುದಿನ. ಊರಿಗೆಲ್ಲ ಸುದ್ದಿ ಹೇಳುವ ತಮ್ಮ ತನಗೆ ಹೇಳಲಿಲ್ಲವೆಂದು ಅವನಿಗೆ ಸಿಟ್ಟು. "ಸತ್ರೂ ನಿನ್ನ ಮುಖ ನೋಡಂಗಿಲ್ಲ" ಎಂದು ಆಣೆ ಹಾಕಿ ಬಾಗಿಲು ಹಾಕಿಕೊಂಡಿದ್ದ. ಅಂಥವನ ಮುಂದೆ ಈ ಸುದ್ದಿ ತೆಗೆದುಕೊಂಡು ಹೋಗಿ ಬೈಸಿಕೊಳ್ಳುವವರು ಯಾರು?

ಹೆಣದ ಪಕ್ಕದಲ್ಲಿ ಕುಳಿತಿದ್ದ ಮುದುಕಿ ಜಂಬವ್ವ, ಈ ಇಬ್ಬರನ್ನೂ ಹೆತ್ತವಳು, ಮಂಜುಗಣ್ಣು ಮೇಲೆತ್ತಿ ಹೇಳಿದಳಂತೆ: "ಊರ ಮಂದಿಗೆಲ್ಲ ಮುಖ ತೋರ್ಸಾಕ ಓಡ್ಯಾಡಿದಾತ. ಅವನ ಮುಖ ಅವರಣ್ಣ ನೋಡ್ದಂಗ ಮಣ್ಣಾಗ ಇಡ್ತೀರೇನು?"

ಎರ್ರೆಮ್ಮ ಎದ್ದು ಗೂಟದಿಂದ ಕೋಲು ಇಳಿಸಿಕೊಂಡಳು.

"ಗಂಡನ ಹೆಣ ಬಿಟ್ಟು ಹೊಸಿಲು ದಾಟ್ತಾಳಲ್ರೀ" ಎಂದು ಹೆಂಗಸರು ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ಹಂಗಾರ ನೀವ ಹೋಗಿ ಬರ್ರಿ" ಎಂದು ಜಂಬವ್ವ ಗದರಿದ ಮೇಲೆ ಸುಮ್ಮನಾದರು. ಎರ್ರೆಮ್ಮ ದಾರಿಯುದ್ದಕ್ಕೂ ಅಳಲಿಲ್ಲವಂತೆ. ಗುಡ್ಡಪ್ಪನನ್ನು ಬೇಗ ಕರೆತರಬೇಕು, ಹೊತ್ತು ಮುಳುಗುವ ಮೊದಲು ಆತ ಮುಖ ನೋಡಬೇಕು, ಇಷ್ಟೇ ಮನಸ್ಸಿನಲ್ಲಿತ್ತಂತೆ. ಆದರೆ ಅಲ್ಲಿ ನಿಂತು ಏನು ಹೇಳಬೇಕಾಗುತ್ತದೆ ಎಂಬುದನ್ನು ಮಾತ್ರ ಆಕೆ ಯೋಚಿಸಿರಲಿಲ್ಲ.

"ಯಾರು?" ಎಂದು ಗಾಳೆಮ್ಮ ಮತ್ತೆ ಕೇಳಿದಳು.

ಸುದ್ದಿಯವರು ಹೆಸರು ಹೇಳಬೇಕು. ಹೆಂಡತಿಯಾದವಳು ಗಂಡನ ಹೆಸರು ಹೇಳಬಾರದು. ಮದುವೆಯ ದಿನ ಎಲ್ಲರೂ ಬಾಗಿಲಿಗೆ ಅಡ್ಡ ನಿಂತು ಕಾಡಿದಾಗ ಒಡಪಿನ ಹಾಡಿನಲ್ಲಿ ಸೇರಿಸಿ ಒಂದು ಸಲ ಹೇಳಿದ್ದಳು, ಅಷ್ಟೇ. ಆಮೇಲೆ ಆ ಹೆಸರು ಆಕೆಯ ನಾಲಿಗೆಗೆ ಬಂದೇ ಇರಲಿಲ್ಲ. ಈಗಲೂ ಬರಲಿಲ್ಲ.

"ಹ್ವಾದ್ರಕ್ಕಾ" ಎಂದಳು. "ಬೆಳಗಿನ ಜಾವ ಹ್ವಾದ್ರು. ಹೊತ್ತು ಮುಣುಗೂದ್ರಾಗ ಮಣ್ಣು."

ಮಾತು ಕೇಳಿ ಗುಡ್ಡಪ್ಪ ಒಳಗಿನಿಂದ ಬಂದ. ಎತ್ತರದ ಆಳು, ಸೊಂಟದಲ್ಲಿ ಬಾಳೆಯ ಕಲೆ ಹತ್ತಿದ ಪಂಚೆ. ಗಂಡನ ಅಣ್ಣನಾದ್ದರಿಂದ ಎರ್ರೆಮ್ಮ ಸೆರಗನ್ನು ಇನ್ನಷ್ಟು ಎಳೆದುಕೊಂಡು ಪಕ್ಕಕ್ಕೆ ತಿರುಗಿದಳು. ಭಾವನ ಎದುರು ನಿಂತು ಮಾತಾಡುವ ರೂಢಿ ಇರಲಿಲ್ಲ. ಗುಡ್ಡಪ್ಪ ಆಕೆಯ ಕೈಯನ್ನು ನೋಡಿದ. ಬಳೆಗಳಿದ್ದವು. ಮಣ್ಣಾಗುವತನಕ ಅವನ್ನು ತೆಗೆಯುವುದಿಲ್ಲವೆಂಬುದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲಿಲ್ಲ.

"ಅವ್ವ ಹ್ವಾದ್ಲಾ!" ಎಂದು ಹಣೆ ಬಡಿದುಕೊಂಡ. "ಎದುರಿಗೆ ಬರಬ್ಯಾಡ ಅಂದಿದ್ನಲ್ಲ ಅವಗ, ಅದಕ್ಕ ಹೆಂಡ್ತಿ ಕೈಯಾಗ ಕೋಲು ಕೊಟ್ಟು ಕಳಿಸ್ಯಾನ. ಇಷ್ಟಾರ ಬುದ್ಧಿ ಬಂತಲ್ಲ!"

ನಮ್ಮ ಕನ್ನಡದಲ್ಲಿ ಕರ್ತೃಪದವನ್ನು ಬಿಟ್ಟು ವಾಕ್ಯ ಮಾಡಬಹುದು. "ಹೋದರು" ಎಂದರೆ ಸಾಕು; ಯಾರು ಎಂಬುದನ್ನು ಕೇಳುವವರು ಸಂದರ್ಭದಿಂದ ತಿಳಿದುಕೊಳ್ಳುತ್ತಾರೆ. ಗೌರವದ ಬಹುವಚನ ಅತ್ತೆಗೂ ಸಲ್ಲುತ್ತದೆ, ಗಂಡನಿಗೂ ಸಲ್ಲುತ್ತದೆ. ಮುಪ್ಪಿನ ಅತ್ತೆ ಇಂದೋ ನಾಳೆಯೋ ಎನ್ನುತ್ತಿದ್ದಳು, ಗಂಡ ಗಟ್ಟಿಮುಟ್ಟಾಗಿದ್ದ. ಗುಡ್ಡಪ್ಪ ಮತ್ತೇನು ತಿಳಿದಾನು?

ಎರ್ರೆಮ್ಮ ತಲೆಯೆತ್ತಿದಳು. ಅಷ್ಟರಲ್ಲಿ ಗಾಳೆಮ್ಮ ಆಕೆಯನ್ನು ತಬ್ಬಿಕೊಂಡು "ನನ್ನತ್ತೀ, ನನ್ನವ್ವಾ" ಎಂದು ರಾಗವಾಗಿ ಅಳತೊಡಗಿದ್ದಳು. ಓಣಿಯವರು ಸೇರಿದರು.

ಮುಪ್ಪಿನ ಸಾವೆಂದರೆ ನಮ್ಮಲ್ಲಿ ಅರ್ಧ ದುಃಖ, ಅರ್ಧ ಮೆರವಣಿಗೆ. ಗುಡ್ಡಪ್ಪ ಕಣ್ಣೊರೆಸಿಕೊಳ್ಳುತ್ತಲೇ ಅಪ್ಪಣೆ ಕೊಡತೊಡಗಿದ. ಹಲಗೆ ಬಾರಿಸುವವರಿಗೆ ಹೇಳಿ ಕಳಿಸಿದ. ತೋಟದಿಂದ ಬಾಳೆಕಂಬ ತರಿಸಿದ. ಗುಲಾಲು, ದಾರಿಯುದ್ದಕ್ಕೂ ಎರಚಲು ಮಂಡಕ್ಕಿ, ಸೇವಂತಿಗೆ ಸರ ಎಲ್ಲವನ್ನೂ ಕೂಡಿಸಿದ. ಅವನ ಗೆಳೆಯ ಭರಮಣ್ಣ ಗಾಡಿ ಹೂಡಿಕೊಂಡು ಬಂದ.

"ಹೋದ ದೀಪಾವಳಿಗೂ ಹೋಗ್ತೀನಿ ಅಂದ್ಳು, ಸಂಕ್ರಾಂತಿಗೂ ಹೋಗ್ತೀನಿ ಅಂದ್ಳು" ಎಂದ ಭರಮಣ್ಣ, ಕಂಬಗಳನ್ನು ಗಾಡಿಗೆ ಕಟ್ಟುತ್ತ. "ಅಂತೂ ಒಂದ್ಸಲ ಮಾತು ಉಳಿಸ್ಕಂಡ್ಳು ಮುದುಕಿ. ಆಕಿ ಬಾಯಿ ಮೊದ್ಲು ಕಟ್ಟ್ರಪ್ಪೋ, ಇಲ್ಲಂದ್ರ ಕುಣ್ಯಾಗಿಂದ್ಲೂ ಬೈತಾಳ."

ಅಳುತ್ತಿದ್ದವರೂ ನಕ್ಕರು. ಎರ್ರೆಮ್ಮ ಮಾತ್ರ ಮೊದಲು ನಿಂತಲ್ಲೇ ನಿಂತಿದ್ದಳು. ಯಾರೋ ಚೊಂಬಿನಲ್ಲಿ ನೀರು ತಂದರು. ಬೇಡವೆಂದು ತಲೆಯಲ್ಲಾಡಿಸಿದಳು. ಬಿಸಿಲಿನ ಕಡೆ ನೋಡಿದಳು, ಹಲಗೆಯವರ ಕಡೆ ನೋಡಿದಳು. ಆಕೆ ಹಿಂತಿರುಗಿ ನಡೆಯುವುದಕ್ಕೆ ಹೊರಟಾಗ ಗಾಳೆಮ್ಮ ಬಿಡಲಿಲ್ಲ. "ಈ ಬಿಸಿಲಾಗ ಮತ್ತ ನಡೀತೀಯೇನು? ಹತ್ತಬೇ" ಎಂದು ಕೈಹಿಡಿದು ಗಾಡಿ ಹತ್ತಿಸಿದಳು. ಹೊಸಪೇಟೆಗೆ ಹೋಗುವ ದಾರಿಯಲ್ಲೇ ಮಲಪನಗುಡಿ ಇರುವುದರಿಂದ ನಾನು ಕೇಳಿಕೊಂಡು ಗಾಡಿಯ ಹಿಂಭಾಗದಲ್ಲಿ ಕುಳಿತೆ. ಹಲಗೆಯವರು ಇನ್ನೊಂದು ಗಾಡಿಯಲ್ಲಿ ಹಿಂದೆ ಬಂದರು.

ಊರು ದಾಟುತ್ತಿದ್ದಂತೆ ಹಲಗೆ ಬಡಿತ ಶುರುವಾಯಿತು. ಒಂದೊಂದು ಪೆಟ್ಟಿಗೂ ಎರ್ರೆಮ್ಮನ ಭುಜ ಅದುರುತ್ತಿತ್ತು. ದುಃಖವೆಂದು ನಾನು ತಿಳಿದೆ. ಆಕೆಯ ಒಳಗೆ ನಡೆಯುತ್ತಿದ್ದುದು ಬೇರೆ. ಸುಮ್ಮನಿದ್ದುಬಿಟ್ಟರೆ ಭಾವ ಮಲಪನಗುಡಿಗೆ ಬಂದೇ ಬರುತ್ತಾನೆ, ಮುಖ ಕಣ್ಣಿಗೆ ಬಿದ್ದೇ ಬೀಳುತ್ತದೆ. ಹೇಳಿದರೆ ಆಣೆ ನೆನಪಾಗಿ ಗಾಡಿ ತಿರುಗಿಸಿಬಿಟ್ಟಾನು. ಹೊತ್ತು ಬೇರೆ ಇಳಿಯುತ್ತಿತ್ತು. ಬಾಯಿ ಮುಚ್ಚಿಕೊಂಡು ಕುಳಿತರೆ ಆಕೆ ಹೊರಟು ಬಂದ ಕೆಲಸ ಆಗುತ್ತಿತ್ತು. ಆದರೆ ಪಕ್ಕೀರಪ್ಪ ಯಾವಾಗಲೂ ಆಕೆಗೆ ಒಂದು ಮಾತು ಹೇಳುತ್ತಿದ್ದನಂತೆ: "ಯಾರ ಮುಖ ನೋಡಾಕ ಹೊಂಟೀನಿ ಅಂತ ಗೊತ್ತಿದ್ದು ಬರಬೇಕು ಮಂದಿ. ಅದಕ್ಕ ನಾ ನಡಿಯಾದು."

"ಪಕ್ಕೀರಪ್ಪ ಭಾಳ ಅತ್ನೇನು?" ಎಂದು ಗಾಳೆಮ್ಮ ಕೇಳಿದಳು. "ಅವ್ವನ ಮ್ಯಾಲ ಜೀವ ಅವಗ. ಉಂಡಾನಿಲ್ಲೋ?"

ಎರ್ರೆಮ್ಮ ಕೋಲಿನ ತುದಿಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು.

ಮುಂದೆ ಕುಳಿತಿದ್ದ ಗುಡ್ಡಪ್ಪ ತಿರುಗದೆಯೇ ಹೆಂಡತಿಗೆ ಹೇಳಿದ: "ಆಕೀಗೆ ಈಗ್ಲೇ ಹೇಳಿಬಿಡು. ಅಲ್ಲಿ ಹ್ವಾದ ಮ್ಯಾಲ ಅವ ನನ್ನ ಎದುರಿಗೆ ಬರಬಾರ್ದು. ಅವ್ವನ್ನ ಮಣ್ಣು ಮಾಡೂತನ ಅವ ಒಂದು ಕಡಿ, ನಾ ಒಂದು ಕಡಿ. ಅವನ ಮುಖ ನಾ ನೋಡಂಗಿಲ್ಲ."

ಗಾಡಿ ಕಡ್ಡಿರಾಂಪುರದ ಹತ್ತಿರ ಹುಣಸೆಮರದ ಕೆಳಗೆ ನಿಂತಿತು. ಎತ್ತುಗಳಿಗೆ ನೀರು ಕುಡಿಸಲು ಭರಮಣ್ಣ ನೊಗ ಇಳಿಸಿದ. ಎರ್ರೆಮ್ಮ ಗಾಡಿಯಿಂದ ಇಳಿದಳು. ಸುತ್ತಿ ಬಂದು ಗುಡ್ಡಪ್ಪನ ಎದುರಿಗೆ ನಿಂತಳು. ಕೋಲನ್ನು ಮತ್ತೆ ಎಡಗಂಕುಳಿಗೆ ಸೇರಿಸಿದಳು. ಸೆರಗನ್ನು ಹಿಂದಕ್ಕೆ ಸರಿಸಿದಳು.

"ಭಾವಾ" ಎಂದಳು, "ನಾ ಸುದ್ದಿ ಪೂರ್ತಿ ಹೇಳಿಲ್ಲ."

ಗುಡ್ಡಪ್ಪ ಗಾಬರಿಯಿಂದ ಬೇರೆ ಕಡೆ ನೋಡಿದ. ಮನೆಯ ಸೊಸೆ ಹೀಗೆ ಎದುರಿಗೆ ನಿಂತು ಮಾತಾಡುವುದನ್ನು ಅವನು ಕಂಡಿರಲಿಲ್ಲ.

"ಅತ್ತಿ ಅದಾರ. ಅವರಿಗೇನೂ ಆಗಿಲ್ಲ. ಹ್ವಾದಾತ..." ಆಕೆ ಕೋಲನ್ನು ಇನ್ನಷ್ಟು ಬಿಗಿಯಾಗಿ ಇರುಕಿಕೊಂಡಳು. "ಹ್ವಾದಾತ ಪಕ್ಕೀರಪ್ಪ. ಮಲಪನಗುಡಿ ಸುದ್ದಿ ಪಕ್ಕೀರಪ್ಪ. ಬೆಳಗಿನ ಜಾವ ಹ್ವಾದ. ಹೊತ್ತು ಮುಣುಗೂದ್ರಾಗ ಮಣ್ಣು."

ಗಾಳೆಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಸುದ್ದಿಗೋ, ಆ ಹೆಸರು ಆ ಬಾಯಿಂದ ಬಂದುದಕ್ಕೋ ತಿಳಿಯದು. ಹಿಂದಿನ ಗಾಡಿಯಲ್ಲಿ ಹಲಗೆ ಇನ್ನೂ ಸ್ವಲ್ಪ ಹೊತ್ತು ಬಡಿದುಕೊಂಡು, ಒಂದೊಂದಾಗಿ ನಿಂತಿತು.

ಗುಡ್ಡಪ್ಪನ ಮುಖ ಕಪ್ಪಾಯಿತು. "ಸುಳ್ಳು ಹೇಳಿ ಕರಕಂಡು ಬಂದ್ಯಾ?"

"ಸುಳ್ಳು ಹೇಳಂಗಿದ್ರ ಇಲ್ಲಿ ಯಾಕ ಇಳೀತಿದ್ನಿ ಭಾವ? ಬಾಯಿ ಮುಚ್ಕಂಡು ಊರತನ ಕರಕಂಡು ಹೋಗ್ತಿದ್ನಿ."

"ಭರಮಣ್ಣಾ, ಗಾಡಿ ತಿರುವು."

ಭರಮಣ್ಣ ಅಲ್ಲಾಡಲಿಲ್ಲ. "ಎತ್ತು ನೀರು ಕುಡ್ಯಾಕ ಹತ್ಯಾವು" ಎಂದ. ಎತ್ತುಗಳು ಆಗಲೇ ತಲೆಯೆತ್ತಿ ನಿಂತಿದ್ದವು.

"ಅಪ್ಪನ ಮುಖ ನನಗ ತೋರ್ಸದವ ಅವ!" ಎಂದು ಗುಡ್ಡಪ್ಪ ಕೂಗಿದ. "ಕಂಡೋರ ಮನಿ ಬಾಗಲಿಗೆಲ್ಲ ಓಡ್ತಾನ. ಸ್ವಂತ ಅಪ್ಪ ಹ್ವಾದಾಗ ಅಣ್ಣನ ಮನೀಗೆ ಬರಾಕ ಅವನ ಕಾಲು ಮುರಿದಿದ್ವೇನು?"

"ಅವತ್ತು ಆತ ಸಂಡೂರಾಗಿದ್ದ" ಎಂದಳು ಎರ್ರೆಮ್ಮ. ಆಕೆಯ ದನಿ ಏರಲಿಲ್ಲ. "ಯಾರದೋ ಸುದ್ದಿ ಹೊತ್ಕಂಡು ಹೋಗಿದ್ದ. ಕೋಲು ಆತನ ಕಂಕುಳಾಗಿತ್ತು. ಮಾವಯ್ಯ ಹ್ವಾದ್ರಂತ ನಿಮಗ ಹೇಳಾಕ ಊರಾಗ ಯಾರೂ ಹೊರಡ್ಲಿಲ್ಲ, ಆತಗೂ ಯಾರೂ ಹೇಳಿ ಕಳಿಸ್ಲಿಲ್ಲ. ಆತ ಬರೂದ್ರಾಗ ಕುಣಿ ಮುಚ್ಚಿತ್ತು. ಮರುದಿನ ನಿಮ್ಮ ಬಾಗಲಿಗೆ ಅದನ್ನ ಹೇಳಾಕ ಬಂದಿದ್ದ. ನೀವು ಬಾಗ್ಲು ಹಾಕಿದ್ರಿ. ಅವರ ಮುಖ ನೀವೂ ನೋಡ್ಲಿಲ್ಲ, ಆತನೂ ನೋಡ್ಲಿಲ್ಲ ಭಾವ."

ತಮ್ಮ ಇಲ್ಲದ ದಿನ ನೋಡಿ ಗುಡ್ಡಪ್ಪ ತಾಯಿಯನ್ನು ಕಾಣಲು ಹೋಗುತ್ತಿದ್ದ. "ಅವನ ಮಾತು ಎತ್ತಿದ್ರ ಮತ್ತ ಬರಂಗಿಲ್ಲ" ಎಂದು ಆಕೆಯ ಬಾಯಿಯನ್ನೂ ಕಟ್ಟಿಹಾಕಿದ್ದ. ಮಗನ ಬರುವಿಕೆ ನಿಂತೀತೆಂಬ ಭಯದಿಂದ ಮುದುಕಿ ಇದನ್ನು ಹೇಳಿಯೇ ಇರಲಿಲ್ಲ.

ಎರ್ರೆಮ್ಮ ಸೆರಗು ಸರಿಮಾಡಿಕೊಂಡಳು. "ನಾ ಹೇಳೂದು ಮುಗೀತು" ಎಂದು ತಿರುಗಿ ಬಿಸಿಲ ದಾರಿಯಲ್ಲಿ ನಡೆದೇಬಿಟ್ಟಳು. ಸುದ್ದಿಯವರು ಹಿಂತಿರುಗಿ ನೋಡಬಾರದಲ್ಲ, ನೋಡಲಿಲ್ಲ.

ಹೊತ್ತು ಪಡುವಣ ಗುಡ್ಡಗಳ ಕಡೆ ಜಾರುತ್ತಿತ್ತು. ಗುಡ್ಡಪ್ಪ ಒಂದು ಬಾಳೆಕಂಬದ ಮೇಲೆ ಕೈಯಿಟ್ಟುಕೊಂಡು, ಆಕೆ ಚಿಕ್ಕದಾಗುತ್ತ ಹೋಗುವುದನ್ನು ನೋಡುತ್ತ ನಿಂತ. ಆಮೇಲೆ ಕಂಬಕ್ಕೆ ಕಟ್ಟಿದ ಹಗ್ಗ ಬಿಚ್ಚತೊಡಗಿದ.

"ಇವನ್ನ ಇಳಸ್ರಿ" ಎಂದ.

ಕಂಬಗಳನ್ನು ಇಳಿಸಿದರು. ಗುಲಾಲು, ಮಂಡಕ್ಕಿ ಎಲ್ಲ ಹುಣಸೆಮರದ ಬುಡಕ್ಕೆ ಹೋದವು. ಹಲಗೆಯವರಿಗೆ ಕೈಮುಗಿದ. "ನೀವು ಊರಿಗೆ ಹೋಗ್ರಪ್ಪ. ನಿಮ್ಮ ಕೆಲಸ ಇವತ್ತಿಲ್ಲ."

ತಿರುಗಿ ಹೋಗುವುದಕ್ಕೇ ಈ ಸಿದ್ಧತೆ ಎಂದು ನಾನು ತಿಳಿದೆ. ಭರಮಣ್ಣನೂ ಹಾಗೇ ತಿಳಿದನೇನೋ, ನೊಗ ಏರಿಸಿ, "ಎತ್ತಾಗ?" ಎಂದು ಕೇಳಿದ.

"ಎತ್ತಾಗ ಅಂತೀಯಲ್ಲಲೇ! ಹರೇದ ಸಾವಿಗೆ ಹಲಗಿ ಬಡಿತಾರೇನು? ಜಲ್ದಿ ಹೊಡಿ ಮಲಪನಗುಡಿಗೆ."

ಸ್ವಲ್ಪ ದೂರದಲ್ಲೇ ಎರ್ರೆಮ್ಮ ಸಿಕ್ಕಳು. ಗಾಡಿ ನಿಲ್ಲಿಸಿದಾಗ ಆಕೆ ದಾರಿಯ ಅಂಚಿಗೆ ಸರಿದು, "ನೀವು ಹೋಗ್ರಿ. ಸುದ್ದಿಯವ್ರು ಜೋಡಿ ಬರಂಗಿಲ್ಲ" ಎಂದಳು.

ಗುಡ್ಡಪ್ಪ ನೆಲ ನೋಡುತ್ತ ಹೆಂಡತಿಗೆ ಹೇಳಿದ: "ಸುದ್ದಿಯವಳು ಹೇಳಿ ಮುಗಿಸ್ಯಾಳಂತ ಹೇಳು. ಈಗ ನನ್ನ ತಮ್ಮನ ಹೆಂಡ್ತಿ ಗಾಡಿ ಹತ್ಲಿ."

ಎರ್ರೆಮ್ಮ ಹತ್ತಿದಳು. ಅಲ್ಲಿಯತನಕ ಅಳದಿದ್ದವಳು ಗಾಳೆಮ್ಮನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಭರಮಣ್ಣ ಎತ್ತುಗಳ ಬಾಲ ತಿರುಚಿ ಓಡಿಸಿದ. ಗಾಡಿ ಮುರಿಯುತ್ತದೆಂದು ನನಗೆ ಭಯವಾಗುವಷ್ಟು ಓಡಿಸಿದ.

ಮಲಪನಗುಡಿಯ ಮನೆ ಖಾಲಿಯಿತ್ತು. ಅಂಗಳದಲ್ಲಿ ನೀರು ಚೆಲ್ಲಿತ್ತು, ಹೆಣ ಎತ್ತಿಯಾಗಿತ್ತು. ಕಾಲುವೆಯ ಆಚೆಯ ಹೊಲದ ಕಡೆ ಜನ ಕಾಣುತ್ತಿದ್ದರು. ಗಾಡಿ ಹೋಗುವ ದಾರಿಯಲ್ಲ ಅದು. ಗುಡ್ಡಪ್ಪ ಹಾರಿ ಇಳಿದು ಓಡಿದ. ನಾವೆಲ್ಲರೂ ಓಡಿದೆವು.

ತೋಡಿದ ಕುಣಿಯೊಳಗೆ ಹೆಣ ಇಳಿಸಿಯಾಗಿತ್ತು. ಮುಖದ ಮೇಲೆ ಬಟ್ಟೆ ಹೊದಿಸಿದ್ದರು. ಹಂಪಯ್ಯ ಹಿಡಿಮಣ್ಣು ಹಿಡಿದುಕೊಂಡು ನಿಂತಿದ್ದ. ಆದರೆ ಹಾಕಲು ಆಗುತ್ತಿರಲಿಲ್ಲ. ಯಾಕೆಂದರೆ ಜಂಬವ್ವ ಕುಣಿಯ ಅಂಚಿನಲ್ಲಿ ಕುಳಿತು ಎರಡೂ ಕಾಲುಗಳನ್ನು ಒಳಕ್ಕೆ ಇಳಿಬಿಟ್ಟಿದ್ದಳು.

"ಯವ್ವಾ, ಹೊತ್ತು ಮುಣುಗಾಕ ಹತ್ತೇತಿ. ಕಾಲು ತಗೀಬೇ" ಎಂದು ಹಂಪಯ್ಯ ಬೇಡಿಕೊಳ್ಳುತ್ತಿದ್ದ.

"ಹಾಕು. ನನ್ನ ಕಾಲ ಮ್ಯಾಲೆ ಹಾಕು ಮೊದ್ಲು. ಕುಂತಲ್ಲೇ ಕುಂತಿರ್ತೀನಿ."

ಓಡಿ ಬರುವ ಹೆಜ್ಜೆಯ ಸದ್ದು ಕೇಳಿ ಮುದುಕಿ ತಲೆ ತಿರುಗಿಸಿದಳು. ಕಣ್ಣು ಕಾಣದಿದ್ದರೂ ಆಕೆಗೆ ಯಾರೆಂದು ತಿಳಿಯಿತು. ಕಾಲುಗಳನ್ನು ಮೇಲಕ್ಕೆ ಎಳೆದುಕೊಂಡು ಜಾಗ ಬಿಟ್ಟಳು.

ಗುಡ್ಡಪ್ಪ ಕುಣಿಗೆ ಇಳಿದ. ಮಂಡಿಯೂರಿ ಬಟ್ಟೆ ಸರಿಸಿದ. ನೋಡಿದ. ತಮ್ಮನ ಕೆನ್ನೆಗೆ ಹತ್ತಿದ್ದ ಮಣ್ಣನ್ನು ಹೆಗಲ ಮೇಲಿನ ವಸ್ತ್ರದಿಂದ ಒರೆಸಿದ. "ಬಂದೀನಲೇ" ಎಂದ. ಹಂಪಯ್ಯ ಕೈಹಿಡಿದು ಮೇಲೆತ್ತಬೇಕಾಯಿತು. ಮೊದಲ ಹಿಡಿಮಣ್ಣು ಅವನದೇ ಆಯಿತು. ಎಲ್ಲರೂ ಮಣ್ಣು ಕೊಟ್ಟು ಮುಗಿಸುವಾಗ ಸೂರ್ಯ ಗುಡ್ಡದ ಅಂಚಿನಲ್ಲಿದ್ದ.

ಆಮೇಲೆ ಹೆಂಗಸರು ಎರ್ರೆಮ್ಮನನ್ನು ಕಾಲುವೆಯ ಕಡೆ ಕರೆದುಕೊಂಡು ಹೋಗಿ ಬಳೆ ತೆಗೆಸಿದರು. ಭರಮಣ್ಣನಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ದಾರಿಯಲ್ಲಿ ನಡೆದುದನ್ನೆಲ್ಲ ಮುದುಕಿಗೆ ಹೇಳಿಬಿಟ್ಟ. ಆಕೆ ದೊಡ್ಡ ಮಗನ ಕಡೆ ಕೈಚಾಚಿ, "ನನಗಂತ ಹಲಗಿ ತಂದಿದ್ಯಂತಲ್ಲೋ. ತಿರುಗಿ ಕಳಿಸ್ದ್ಯಾ? ಇರ್ಲಿ ಬಿಡು. ಹದ ಮಾಡಿ ಇಟ್ಟಿರಾಕ ಹೇಳವರಿಗೆ" ಎಂದಳು. ಗುಡ್ಡಪ್ಪ ತಾಯಿಯ ಮಡಿಲಲ್ಲಿ ಮುಖ ಮುಚ್ಚಿಕೊಂಡ.

ಎರ್ರೆಮ್ಮ ತಿರುಗಿ ಬಂದಾಗ ಹಂಪಯ್ಯ ಕೋಲನ್ನು ತೋರಿಸಿ, "ಇದನ್ನ ಅವನ ಮ್ಯಾಲೇ ನೆಡೋಣವ್ವ. ಅವನ ಜೋಡಿ ಮುಗೀಲಿ" ಎಂದ.

ಆಕೆ ಕೊಡಲಿಲ್ಲ. "ನಾಳಿ ನೀವು ಹ್ವಾದ್ರ ಕಂಪ್ಲ್ಯಾಗಿರೋ ನಿಮ್ಮ ಮಗಳಿಗೆ ಯಾರು ಹೇಳ್ತಾರ ಮಾವಾ?"

ಹಂಪಯ್ಯ ಕೈ ಹಿಂದಕ್ಕೆ ತೆಗೆದುಕೊಂಡ.

ಹೆಂಗಸು, ಅದರಲ್ಲೂ ಗಂಡನಿಲ್ಲದವಳು, ಸುದ್ದಿಯ ಕೋಲು ಹಿಡಿಯುವುದೆಂದರೆ ಊರಿಗೆ ಸಮ್ಮತವೇನೂ ಆಗಿರಲಿಲ್ಲ. ಎದುರಿಗೆ ಬಂದರೆ ಮುಖ ತಿರುಗಿಸುತ್ತಿದ್ದರು. ಆದರೆ ತಮ್ಮ ಮನೆಯಲ್ಲಿ ಸಾವಾದ ದಿನ ಆಕೆಯ ಬಾಗಿಲಿಗೇ ಬರುತ್ತಿದ್ದರು. ಮೊದಲ ತಿಂಗಳುಗಳಲ್ಲಿ ಮನೆಯೊಳಗೆ ಕುಳಿತರೆ ಉಸಿರು ಕಟ್ಟಿದಂತಾಗುತ್ತಿತ್ತೆಂದೂ ಆತ ನಡೆದ ದಾರಿಯಲ್ಲಿ ನಡೆಯುವಾಗ ಮಾತ್ರ ಎದೆ ಹಗುರಾಗುತ್ತಿತ್ತೆಂದೂ ಒಮ್ಮೆ ನನಗೆ ಹೇಳಿದಳು. ಆಗ ನಾನು ವರ್ಗವಾಗಿ ಮೆಟ್ರಿ ಎಂಬ ಊರಿನ ಶಾಲೆಯಲ್ಲಿದ್ದೆ. ಸುದ್ದಿ ಹೇಳಿದ ಮನೆಯ ನೀರು ಮುಟ್ಟಬಾರದಾದ್ದರಿಂದ ಶಾಲೆಯ ಬೇವಿನ ಕೆಳಗೆ ಕುಳಿತು ನಮ್ಮ ಕೊಡದ ನೀರು ಕುಡಿಯುತ್ತಿದ್ದಳು. ಈ ಕಥೆಯ ಬಹುಭಾಗವನ್ನು ನಾನು ಕೇಳಿದ್ದು ಅಲ್ಲಿಯೇ.

ಗಂಡ ಬಿಟ್ಟುಹೋದ ಪದ್ಧತಿಯಲ್ಲಿ ಒಂದನ್ನು ಮಾತ್ರ ಆಕೆ ಬದಲಿಸಿದಳು. "ಯಾರು?" ಎಂದು ಕೇಳುವತನಕ ಕಾಯುವುದಿಲ್ಲ. ಬಂದು ನಿಂತೊಡನೆ ಮೊದಲು ಹೆಸರು ಹೇಳುತ್ತಾಳೆ, ಆಮೇಲೆ ಉಳಿದದ್ದು.

ಮುಂದೆ ಕೆಲವು ವರ್ಷಗಳಾದ ಮೇಲೆ ಜಂಬವ್ವ ನಿಜವಾಗಿಯೂ ಹೋದಳು. ಎರ್ರೆಮ್ಮ ಕಮಲಾಪುರದ ಅದೇ ಬಾಗಿಲ ಮುಂದೆ ನಿಂತು, "ಜಂಬವ್ವ" ಎಂದಳಂತೆ. ಗುಡ್ಡಪ್ಪ ನಂಬದವನಂತೆ ನೋಡುತ್ತ ನಿಂತಿದ್ದು ಕಂಡು, "ಹೌದು ಭಾವ, ಈ ಸಲ ಜಂಬವ್ವನೇ" ಎಂದಳಂತೆ. ಅವನಿಗೆ ನಗುವೂ ಬಂತು, ಅಳುವೂ ಬಂತು. ಆ ದಿನ ಮಲಪನಗುಡಿಯತನಕ ಹಲಗೆ ನಿಲ್ಲಲಿಲ್ಲ.

ಈಗ ನಾನು ಕೆಲಸದಿಂದ ನಿವೃತ್ತನಾಗಿ ಹೊಸಪೇಟೆಯಲ್ಲಿದ್ದೇನೆ. ಹೊಳೆಗೆ ಅಣೆಕಟ್ಟು ಕಟ್ಟುವ ಕೆಲಸ ಶುರುವಾಗಿ ಊರ ತುಂಬ ಹೊಸ ಜನ. ಕಮಲಾಪುರಕ್ಕೆ ಬಸ್ಸು ಓಡಾಡುತ್ತದೆ. ಎರ್ರೆಮ್ಮನ ತಲೆ ಪೂರ್ತಿ ಬೆಳ್ಳಗಾಗಿದೆ. ದೂರದ ಊರಿಗೆ ಈಗ ಬಸ್ಸಿನಲ್ಲೇ ಹೋಗುತ್ತಾಳೆ. ಎಡಗಂಕುಳ ಕೋಲನ್ನು ಕಂಡು ಪಕ್ಕದಲ್ಲಿ ಕುಳಿತವರು ಸರಿದು ಕೂರುತ್ತಾರೆ. "ಭೇಷಾತು, ಕಾಲು ಚಾಚಾಕ ಜಾಗ ಆತು" ಎಂದು ಆಕೆ ನಗುತ್ತಾಳೆ.

ಹೋದ ವಾರ ಮಲಪನಗುಡಿಗೆ ಹೋಗಿದ್ದೆ. ಆಕೆ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು. ಎದುರಿಗೆ ಒಬ್ಬ ಎಳೆಯ ಹೆಂಗಸು, ಕೈಯಲ್ಲಿ ಇನ್ನೂ ಬಳೆಗಳು; ಕೆಳಗಿನ ಓಣಿಯವಳು. ಕಂಪ್ಲಿಯಲ್ಲಿರುವ ಮೈದುನನಿಗೆ ಸುದ್ದಿ ಮುಟ್ಟಿಸಬೇಕೆಂದು ತಾನೇ ಎದ್ದು ಬಂದಿದ್ದಳು.

"ಯಾರು ಹ್ವಾದ್ರವ್ವಾ?" ಎಂದಳು ಎರ್ರೆಮ್ಮ.

"ನಮ್ಮನಿಯವರು."

"ಹೆಸರು ಹೇಳು ಮಗಳ."

ಆ ಹುಡುಗಿ ತಲೆ ತಗ್ಗಿಸಿದಳು. ಪಕ್ಕದ ಮನೆಯವರೊಬ್ಬರು, "ನಾವು ಹೇಳ್ತೀವಿ ತಗೋಬೇ, ನಮಗೆಲ್ಲಾ ಗೊತ್ತೈತಿ" ಎಂದರು. ಎರ್ರೆಮ್ಮ ಕೈಯೆತ್ತಿ ಅವರನ್ನು ಸುಮ್ಮನಾಗಿಸಿದಳು. ಗೂಟದಿಂದ ಕೋಲು ತೆಗೆದು ಕಂಕುಳಲ್ಲಿಟ್ಟುಕೊಂಡಳು. ಅತ್ತ ದೊಡ್ಡ ದಾರಿಯಲ್ಲಿ ಬಸ್ಸಿನ ಸದ್ದು ಕೇಳತೊಡಗಿತ್ತು.

"ನೀನೇ ಹೇಳ್ಬೇಕು" ಎಂದಳು. "ಹೇಳು. ನಾ ನಿಂತೀನಿ."